ಅಪ್‌ಡೇಟ್: ಕಂದುತ್ತಿದ್ದ ಜುನಿಪರ್ ಬೋನ್ಸಾಯ್ ಈಗ ಹೇಗಿದೆ

ಬೆಂಗಳೂರಿನ ನಮ್ಮ ಮನೆಯ ಹಜಾರದಲ್ಲಿಟ್ಟಿದ್ದ ಜುನಿಪರ್ ಬೋನ್ಸಾಯ್ (ಕುಂಡದಲ್ಲಿ ಕುಬ್ಜವಾಗಿ ಬೆಳೆಸಿದ ನಿತ್ಯಹಸಿರು ಮರ) ಕಂದು ಬಣ್ಣಕ್ಕೆ ತಿರುಗುತ್ತಿರುವುದೇಕೆಂದು ಮೂರು ತಿಂಗಳ ಹಿಂದೆ ಕೇಳಿದ್ದೆ. ನಿಮ್ಮಲ್ಲಿ ಹಲವರು ಹೇಳಿದಂತೆ ತಪ್ಪು ಜಾಗದ್ದೇ ಆಗಿತ್ತು. ಜುನಿಪರ್ ಮನೆಯೊಳಗಿನ ಗಿಡವಲ್ಲ. ಅದನ್ನು ತಾರಸಿಗೆ ಒಯ್ದು, ಬೆಳಗಿನ ಬಿಸಿಲನ್ನು ದಿನದಿಂದ ದಿನಕ್ಕೆ ಹೆಚ್ಚಿಸುತ್ತ ಹೋದೆ. ಕೊಂಬೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿದಾಗ ಹರಿದಾಡಿದ ಸಣ್ಣ ಚುಕ್ಕೆಗಳು ನುಸಿಗಳೆಂದು ಗೊತ್ತಾದ ಮೇಲೆ, ಎಲೆಗಳ ಅಡಿಭಾಗಕ್ಕೂ ತಾಗುವಂತೆ ನೀರನ್ನು ರಭಸವಾಗಿ ಸಿಂಪಡಿಸುತ್ತ ಬಂದೆ. ಈಗ ಮೇಲ್ಮಣ್ಣು ಸ್ವಲ್ಪ ಒಣಗಿದೆಯೆಂದು ಬೆರಳಿನಿಂದ ನೋಡಿಕೊಂಡೇ ನೀರು ಹಾಕುತ್ತೇನೆ.

ತುದಿಗಳಲ್ಲಿ ಹೊಸ ಹಸಿರು ಕಾಣಿಸಿದೆ. ಆದರೆ ಜುನಿಪರ್ ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ಕಾಣಬಲ್ಲದಾದ್ದರಿಂದ, ಚಿಗುರು ಉದ್ದವಾಗುವವರೆಗೂ ನಾನು ನಂಬಲಿಲ್ಲ.

ಎಡಗಡೆಯ ಕೊಂಬೆಯೊಂದು ಉಳಿಯಲಿಲ್ಲ. ಪೂರ್ತಿ ಬೋಳಾದ ಜುನಿಪರ್ ಕೊಂಬೆ ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲವಾದ್ದರಿಂದ, ಅದನ್ನು ಕತ್ತರಿಸದೆ ತೊಗಟೆ ಸುಲಿದು, ಜಪಾನೀಯರು ‘ಜಿನ್’ ಎನ್ನುವ ಒಣಮರದ ರೂಪಕ್ಕೆ ತಂದಿದ್ದೇನೆ. (ನಿಜ ಹೇಳಬೇಕೆಂದರೆ, ಈಗ ಗಿಡ ಮೊದಲಿಗಿಂತ ಚೆನ್ನಾಗಿ ಕಾಣುತ್ತಿದೆ.) ಕೊಂಬೆಗಳಿಗೆ ಆಕಾರ ಕೊಡಲು ಸುತ್ತಿದ್ದ, ಈಗ ತೊಗಟೆಗೆ ಕಚ್ಚತೊಡಗಿದ್ದ ಅಲ್ಯೂಮಿನಿಯಂ ತಂತಿಯನ್ನು ಬಿಚ್ಚದೆ, ತುಂಡು ತುಂಡಾಗಿ ಕತ್ತರಿಸಿ ತೆಗೆದೆ. ಕುಂಡ ಬದಲಿಸುವುದನ್ನು ಗಿಡ ಪೂರ್ತಿ ಚೇತರಿಸಿಕೊಳ್ಳುವವರೆಗೆ ಮುಂದೂಡಿದ್ದೇನೆ.