ಹಂದಿಗೊಂದು ಮಹಜರು

"ಹೊಲಕ್ಕೆ ನುಗ್ಗೋ ಕಾಡುಹಂದಿಗೆ ಗುಂಡಿಕ್ಕಬೇಕು ಕಣ್ರೀ, ಬೇರೆ ದಾರೀನೇ ಇಲ್ಲ!" ಸೀನ ಟೀ ಗ್ಲಾಸು ಕುಕ್ಕಿದ. ಮೊಬೈಲಲ್ಲಿ ಬೇಟೆ ವಿಡಿಯೋ ನೋಡೋ ಚಟ ಹತ್ತಿದಾಗಿನಿಂದ ಮಧುಗಿರಿಗೆಲ್ಲ ಇವನೇ ವನ್ಯಜೀವಿ ತಜ್ಞ. ಇರೋದು ಬಸ್‌ಸ್ಟ್ಯಾಂಡ್ ಹಿಂದಿನ ಎರಡನೇ ಮಹಡೀಲಿ. ಅಲ್ಲಿಗೆ ಹಂದಿ ಹತ್ತಿದ್ದನ್ನ ಯಾರೂ ಕಂಡಿಲ್ಲ.

"ಬಿಹಾರದಲ್ಲಿ ನೋಡಿ, 2016ರಲ್ಲಿ ಮೊಕಾಮಕ್ಕೆ ಹೈದರಾಬಾದಿಂದ ಶೂಟರ್‌ಗಳನ್ನ ಕರೆಸಿ ಬೆಳೆ ತಿನ್ನೋ 200ಕ್ಕೂ ಹೆಚ್ಚು ನೀಲಗಾಯಿ ಹೊಡೆಸಿದ್ರು."

"ಆಮೇಲೆ?" ಅಂದ ರಂಗಣ್ಣ.

"ಆಮೇಲೆ ಮೇನಕಾ ಗಾಂಧಿಯವರು ಪರಿಸರ ಮಂತ್ರಿ ಜಾವಡೇಕರ್ ಮೇಲೆ ಹರಿಹಾಯ್ದ್ರು" ಅಂತ ಮೇಷ್ಟ್ರು ಮುಗಿಸಿದರು. "ಒಂದೇ ಸರ್ಕಾರದ ಇಬ್ಬರು ಮಂತ್ರಿಗಳು. ಇರ್ಲಿ, ನಮಗೂ 1972ರ ವನ್ಯಜೀವಿ ಕಾಯ್ದೆಯ 11ನೇ ಕಲಮ್ಮಿದೆ. ಹಂದಿ ಬೆಳೆ ಹಾಳು ಮಾಡಿದ್ರೆ ಹೊಡೆಯೋಕೆ ಅನುಮತಿ ಕೊಡಬಹುದು."

"ಕೊಡಬಹುದು ಸಾ, ಕೊಡಬಹುದು" ಅಂದ ರಂಗಣ್ಣ. "ಅರ್ಜಿ, ಪಹಣಿ, ಆಧಾರ್ ಎಲ್ಲಾ ಒದಗಿಸ್ತೀನಿ. ನುಗ್ಗಿದ್ದು ಇದೇ ಹಂದಿ ಅಂತ ಮಹಜರಿಗೆ ಸಾಕ್ಷಿ ಯಾರು? ಅದರ ಅಣ್ತಮ್ಮಂದಿರು. ಆರ್ಡರ್ ಕೈಗೆ ಬರೋ ಹೊತ್ಗೆ ಅದು ಎರಡು ಸೂಲು ಮರಿ ಹಾಕಿ, ನಮ್ ಹೊಲಾನ ಮಕ್ಕಳ ಹೆಸರಿಗೆ ಖಾತೆ ಮಾಡ್ಸಿರ್ತೈತೆ. ಇನ್ನ ಗುಂಡು ತಗುಲಿ ಪಕ್ಕದ ಸರ್ವೆ ನಂಬರಲ್ಲಿ ಬಿತ್ತು ಅನ್ನು, ಪೋಡಿ ಆಗೋಗಂಟ ಅದು ಯಾರ ಹಂದಿ?"

"ಹಂಗಾದ್ರೆ ನವಿಲು ಹೊಡೀರಿ!"

"ಒಂದನೇ ಷೆಡ್ಯೂಲು. ಮುಟ್ಟಿದ್ರೆ ಜೈಲು" ಅಂದರು ಮೇಷ್ಟ್ರು. "ಮೈದನಹಳ್ಳಿ ಕೃಷ್ಣಮೃಗಾನೂ ಅಷ್ಟೇ."

"ಅವಕ್ಕೆ 798 ಎಕರೆ ಬಿಟ್ಟವ್ರಂತೆ. ಜಿಂಕೆಗೆ ಎಕರೆ ಲೆಕ್ಕ ಕಲಿಸಿದೋರು ಯಾರು? ಆಚೆ ರಾಗಿ ಪೈರು ಕಂಡ್ರೆ ಅದೂ ಕಾಡೇ." ರಂಗಣ್ಣ ಬೀಡಿ ಹಚ್ಚಿದ. "ನಮ್ಮಪ್ಪನ ಕಾಲ್ದಲ್ಲೂ ಹಂದಿ ಇದ್ವು ಕಣಪ್ಪ. ಕಡ್ಲೆಕಾಯಿ ಬಲೀತು ಅಂದ್ರೆ ಹೊಲಕ್ಕೊಂದು ಅಟ್ಟಣೆ. ನಾನು ಡಬ್ಬ ಬಡಿದ್ರೆ ಕೆರೆ ಕೆಳಗಿನೋನು 'ಹೋಯ್' ಅನ್ನೋನು, ಅವನ ಕೂಗಿಗೆ ದಿನ್ನೆ ಮೇಲಿನೋನು. ಕಾವಲು ಅನ್ನೋ ಹೆಸರಲ್ಲಿ ಬೆಳಗಾನ ಹರಟೇನೇ. ಹೆಣ್ಣು ಗೊತ್ತಾದ ಸುದ್ದಿ ಕೂಡ ಅಟ್ಟಣೆಯಿಂದ ಅಟ್ಟಣೆಗೆ ಹೋಗೋದು. ಈಗ ನಾನು ಡಬ್ಬ ಬಡಿದ್ರೆ ಓಗೊಡೋರಿಲ್ಲ. ಎಲ್ಲಾ ಪೀಣ್ಯದಾಗವ್ರೆ. ಹಂದಿ ಹೆಚ್ಚಿದ್ವೋ ಇಲ್ವೋ, ಊರಲ್ಲಿ ನಾವಂತೂ ಕಮ್ಮಿ ಆಗಿದೀವಿ."

"ಅದಕ್ಕೇ ಬಂದೂಕು ಅಂದಿದ್ದು ನಾನು" ಸೀನ ಪಟ್ಟು ಬಿಡಲಿಲ್ಲ. "ಕೇರಳದಲ್ಲಿ ಪಂಚಾಯ್ತಿ ಅಧ್ಯಕ್ಷರೇ ಹೂಂ ಅನ್ನಬಹುದಂತೆ!"

"ಹೌದು, 2022ರಿಂದ" ಅಂದರು ಮೇಷ್ಟ್ರು. "ಆದ್ರೆ ಹೊಡೆದ ಹಂದೀನ ಹೂಳಬೇಕು."

"ಹೂಳೋದಾ? ಪೂರ್ತಿನಾ?"

"ಪೂರ್ತಿ."

"ಒಂದು ತೊಡೆ ಕೂಡಾ..."

"ಗೊರಸು ಕೂಡಾ ಇಲ್ಲ."

ಸೀನ ಮೊಬೈಲನ್ನು ಜೇಬಿಗೆ ಸೇರಿಸಿದ. "ಎಷ್ಟಂದ್ರೂ ಪಾಪ, ಮೂಕಪ್ರಾಣಿ ಕಣ್ರೀ."