ಜ್ವರಾನೇ ಇಲ್ಲ, ಆದರೂ ರಕ್ತದಲ್ಲಿ ಸೋಂಕಂತೆ: ಡಾಕ್ಟರಿಗೆ ಪ್ರಶ್ನೆ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ತಂದೆಗೆ 76 ವರ್ಷ, ಶುಗರ್ ಇದೆ. ಕೆಲವು ವಾರಗಳಿಂದ ಊಟ ಸೇರುತ್ತಿರಲಿಲ್ಲ, ಸುಸ್ತು, ಸೊಂಟನೋವು. ಆಮೇಲೆ ಇದ್ದಕ್ಕಿದ್ದಂತೆ ಒಂದು ರಾತ್ರಿ ಎದ್ದು ಶರ್ಟ್ ಹಾಕಿಕೊಂಡು ಆಫೀಸಿಗೆ ಹೊರಟರು! ಟೆಂಪರೇಚರ್ ನೋಡಿದರೆ 99.4 ಅಷ್ಟೇ. ಮೊದಲು ಯೂರಿನ್ ಇನ್ಫೆಕ್ಷನ್ ಅಂತ ಮಾತ್ರೆ ಕೊಟ್ಟರು, ವಯಸ್ಸಾಯಿತಲ್ಲ ಅಂತಲೂ ಅಂದರು. ಈಗ ಅಡ್ಮಿಟ್ ಮಾಡಿದ್ದೇವೆ. ಬ್ಲಡ್ ಕಲ್ಚರ್‌ನಲ್ಲಿ (ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಟೆಸ್ಟ್) ಸ್ಟ್ರೆಪ್ಟೊಕಾಕಸ್ ಗ್ಯಾಲೊಲಿಟಿಕಸ್ ಅನ್ನೋ ಬ್ಯಾಕ್ಟೀರಿಯಾ ಬಂದಿದೆ. ಎಕೋ (ಹೃದಯದ ಸ್ಕ್ಯಾನ್), ಬೆನ್ನಿನ ಎಂಆರ್‌ಐ, ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವುದು) ಎಲ್ಲಾ ಬೇಕಂತೆ. ಹೊಟ್ಟೆಗೆ ಏನೂ ಆಗಿಲ್ಲ. ಸುಮ್ನೆ ಟೆಸ್ಟ್ ಮಾಡಿಸ್ತಿದ್ದಾರಾ?

ಉತ್ತರ: ಸುಮ್ನೆ ಅಲ್ಲ. ನಿಮ್ಮ ಡಾಕ್ಟರು ಸರಿಯಾದ ದಾರಿಯಲ್ಲೇ ಇದ್ದಾರೆ.

ಈ ಬ್ಯಾಕ್ಟೀರಿಯಾ ಇರುವುದು ಕರುಳಿನಲ್ಲಿ. ದೊಡ್ಡ ಕರುಳಿನ ಒಳಪದರದಲ್ಲಿ ಗಡ್ಡೆಯೋ ಪಾಲಿಪ್ಪೋ (ಒಳಪದರದಿಂದ ಹೊರಚಾಚಿದ ಸಣ್ಣ ಬೆಳವಣಿಗೆ) ಇದ್ದರೆ ಅಲ್ಲಿಂದ ರಕ್ತಕ್ಕೆ ನುಗ್ಗುತ್ತದೆ, ಆಮೇಲೆ ಹೃದಯದ ಕವಾಟಕ್ಕೋ ಬೆನ್ನುಮೂಳೆಗೋ ಹೋಗಿ ಕೂರುತ್ತದೆ. ಎಲ್ಲರಿಗೂ ಕ್ಯಾನ್ಸರ್ ಇರುತ್ತದೆ ಅಂತಲ್ಲ, ಗಾಬರಿ ಬೇಡ. ಆದರೆ ಕರುಳಿನ ಗಡ್ಡೆ ಮೊದಲು ಏನೂ ತೊಂದರೆ ಕೊಡುವುದಿಲ್ಲ, ಅಲ್ವಾ? ಅದಕ್ಕೇ ಹೊಟ್ಟೆ ಚೆನ್ನಾಗಿದ್ದರೂ ನೋಡಲೇಬೇಕು. ನಿಮ್ಮ ತಂದೆಗೆ ಸೊಂಟನೋವು ಬೇರೆ ಇದೆ. ಮೂಳೆಯಲ್ಲಿ ಸೋಂಕು ಇದ್ದರೆ ಇಂಜೆಕ್ಷನ್ ವಾರಗಟ್ಟಲೆ ಬೇಕಾಗುತ್ತದೆ, ಆದ್ದರಿಂದ ಎಂಆರ್‌ಐ ಕೂಡ ಬಿಡಬೇಡಿ.

ಯೂರಿನ್ ವಿಷಯ ಹೇಳಲೇಬೇಕು. ವಯಸ್ಸಾದವರ ಯೂರಿನ್‌ನಲ್ಲಿ ಯಾವ ಕಾಯಿಲೆಯೂ ಇಲ್ಲದೆ ಬ್ಯಾಕ್ಟೀರಿಯಾ ಕಾಣುವುದು ಮಾಮೂಲು. ಉರಿ ಇಲ್ಲ, ನೋವಿಲ್ಲ, ರಿಪೋರ್ಟ್‌ನಲ್ಲಿ ಮಾತ್ರ ಇದೆ ಅಂದರೆ, ಅಲ್ಲಿಗೇ ಹುಡುಕುವುದನ್ನು ನಿಲ್ಲಿಸಬಾರದು. ಕಲ್ಚರ್‌ಗೆ ರಕ್ತ ತೆಗೆಯುವ ಮೊದಲೇ ಆಂಟಿಬಯಾಟಿಕ್ ಶುರುವಾದರೆ ಎಷ್ಟೋ ಸಲ ಬ್ಯಾಕ್ಟೀರಿಯಾ ಬೆಳೆಯುವುದೇ ಇಲ್ಲ. ನಿಮ್ಮ ತಂದೆಗೆ ಬೆಳೆದಿದ್ದು ಅದೃಷ್ಟ.

ಇನ್ನೊಬ್ಬ ಸದಸ್ಯೆ: ಮೇಡಂ, ಜ್ವರವೇ ಇಲ್ಲ ಅಂದರೆ ಮನೆಯಲ್ಲಿ ನಮಗೆ ಗೊತ್ತಾಗುವುದು ಹೇಗೆ?

ಉತ್ತರ: ವಯಸ್ಸಾದವರ ಮೈ ಮೊದಲೇ ಸ್ವಲ್ಪ ತಣ್ಣಗಿರುತ್ತದೆ. ಅವರಿಗೆ 100 ದಾಟಿದರೆ ಜ್ವರವೇ, ಪದೇ ಪದೇ 99 ಮೇಲೆ ಬಂದರೂ, ಅವರ ಮಾಮೂಲಿಗಿಂತ 2 ಡಿಗ್ರಿ ಏರಿದರೂ ಜ್ವರ ಅಂತಲೇ ಲೆಕ್ಕ (ಎಲ್ಲಾ ಫ್ಯಾರನ್‌ಹೀಟ್). ಚೆನ್ನಾಗಿದ್ದಾಗ ಒಂದೆರಡು ಸಲ ನೋಡಿ ಬರೆದಿಟ್ಟಿರಿ. ಬಿಪಿಗೆ ಮೆಟೊಪ್ರೊಲಾಲ್‌ನಂಥ ಮಾತ್ರೆ ತಗೊಳ್ಳುವವರಿಗೆ ಸೋಂಕಿದ್ದರೂ ನಾಡಿ ಜಾಸ್ತಿ ಆಗದೇ ಇರಬಹುದು. ನಿನ್ನೆವರೆಗೆ ಸರಿಯಿದ್ದವರು ಇವತ್ತು ಗೊಂದಲದಲ್ಲಿದ್ದರೆ, ಕಾರಣವಿಲ್ಲದೆ ಬಿದ್ದರೆ, ಮಲಗಿದರೂ ಬಿಡದ ಬೆನ್ನುನೋವಿದ್ದರೆ, ಏದುಸಿರು ಬಿಡುತ್ತಿದ್ದರೆ ಅವತ್ತೇ ತೋರಿಸಿ. 'ಮರೆವು' ಅಂತ ತಳ್ಳಿಹಾಕಬೇಡಿ. ಮರೆವಿನ ಕಾಯಿಲೆ ರಾತ್ರೋರಾತ್ರಿ ಬರುವುದಿಲ್ಲ.

ಸೋಂಕು ಯಾವುದು, ಎಲ್ಲಿಂದ ಬಂತು ಅನ್ನೋದಕ್ಕೆ ಸುಳಿವಾಗುವಂಥದ್ದು, ಡಾಕ್ಟರು ಕೇಳದಿದ್ದರೂ ನೀವೇ ಹೇಳಬೇಕಾದದ್ದು: ನಾಯಿ ಕಚ್ಚಿದ್ದು ಅಥವಾ ಗಾಯ ನೆಕ್ಕಿದ್ದು, ಗುಲ್ಮ (ಸ್ಪ್ಲೀನ್) ತೆಗೆಸಿದ್ದು, ಗಾಯಕ್ಕೆ ಸಮುದ್ರದ ನೀರು ತಾಗಿದ್ದು, ಕೃತಕ ಕವಾಟ ಅಥವಾ ಕೀಲು ಇರುವುದು. ಕಾಯಿಸದ ಹಾಲು, ಅದರ ಮೆತ್ತನೆ ಚೀಸ್ ತಿಂದಿದ್ದರೆ ಅದನ್ನೂ. ಅವುಗಳಲ್ಲಿ ಇರಬಹುದಾದ ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ, ತಿಂದು ವಾರಗಳಾದ ಮೇಲೂ ಮೆದುಳು ಜ್ವರ ತರಬಹುದು. ಮೆದುಳು ಜ್ವರಕ್ಕೆ ಮಾಮೂಲಿಯಾಗಿ ಕೊಡುವ ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯಾಟಿಕ್ ಇದಕ್ಕೆ ನಾಟುವುದಿಲ್ಲ, 50 ದಾಟಿದವರಿಗೆ ಆಂಪಿಸಿಲಿನ್ ಅನ್ನೋ ಇನ್ನೊಂದನ್ನು ಕೂಡ ಸೇರಿಸುವುದು ಅದಕ್ಕೇ.

ಮೊದಲು ಕೇಳಿದವರು: ಥ್ಯಾಂಕ್ಸ್ ಮೇಡಂ. ಅಪ್ಪ ತುಂಬಾ ಸೋತಿದ್ದಾರೆ, ಕೊಲೊನೋಸ್ಕೋಪಿ ಸ್ವಲ್ಪ ತಡೆದು ಮಾಡಿಸಬಹುದಾ?

ಉತ್ತರ: ಮಾಡಿಸಬಹುದು. ಮೊದಲು ಸೋಂಕು ಹತೋಟಿಗೆ ಬರಲಿ, ಎಕೋ ಮಾತ್ರ ಈಗಲೇ ಆಗಲಿ. ಆದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ಕೊಲೊನೋಸ್ಕೋಪಿ ಯಾವಾಗ ಅಂತ ತಾರೀಖು ಹಾಕಿಸಿಕೊಳ್ಳಿ, ಮನೆಗೆ ಬಂದು ಚೇತರಿಸಿಕೊಂಡ ಮೇಲೆ ಯಾರಿಗೂ ಅದು ನೆನಪಿರುವುದಿಲ್ಲ.