ಹತ್ತನೇ ಕ್ಲಾಸಿನ ಮಗನನ್ನ ಇಎಲ್‌ಡಿಗೆ (ಮನೆಮಾತು ಇಂಗ್ಲಿಷ್ ಅಲ್ಲದ ಮಕ್ಕಳಿಗೆ ಇಂಗ್ಲಿಷ್ ಕಲಿಸೋ ಕ್ಲಾಸು) ಹಾಕಿದ್ದಾರೆ. ಮುಂದಿನ ವರ್ಷ ಎಪಿ (ಕಾಲೇಜು ಮಟ್ಟದ) ಇಂಗ್ಲಿಷ್ ಸಿಗುತ್ತಾ? (ಕ್ಯಾಲಿಫೋರ್ನಿಯಾ)

ಬೆಣ್ಣೆದೋಸೆ_ಅಮ್ಮ

ಎಲ್ಲರಿಗೂ ನಮಸ್ಕಾರ. ಜುಲೈ ಕೊನೆಗೆ ದಾವಣಗೆರೆಯಿಂದ ಬೇ ಏರಿಯಾಗೆ ಬಂದ್ವಿ. ಮಗ ಊರಲ್ಲಿ ಸ್ಟೇಟ್ ಸಿಲಬಸ್, ಇಂಗ್ಲಿಷ್ ಮೀಡಿಯಮ್ಮಲ್ಲಿ ಒಂಬತ್ತು ಮುಗಿಸಿದ್ದ. ಇಲ್ಲಿ ಹತ್ತಕ್ಕೆ ಸೇರಿಸಿದ್ವಿ.

ಸೇರಿಸುವಾಗ ಹೋಮ್ ಲ್ಯಾಂಗ್ವೇಜ್ ಸರ್ವೆ ಅಂತ ಒಂದು ಹಾಳೆ ಕೊಟ್ಟರು. ನಾಲ್ಕು ಪ್ರಶ್ನೆ. ಮಗು ಮೊದಲು ಮಾತು ಕಲಿತದ್ದು ಯಾವ ಭಾಷೆಲಿ, ಮನೇಲಿ ಹೆಚ್ಚಾಗಿ ಏನು ಮಾತಾಡುತ್ತೆ, ನೀವು ಅವನ ಹತ್ತಿರ ಏನು ಮಾತಾಡ್ತೀರಿ, ಮನೆಯ ದೊಡ್ಡವರು ಏನು ಮಾತಾಡ್ತಾರೆ. ನಾಲ್ಕಕ್ಕೂ ಕನ್ನಡ ಅಂತ ಬರೆದೆ. ಇದ್ದದ್ದು ಇದ್ದಂಗೆ.

ಎರಡು ವಾರಕ್ಕೆ ಅವನನ್ನ ಪಿಇ ಪೀರಿಯಡ್ಡಿಂದ ಕರೆದು ಎಲ್‌ಪ್ಯಾಕ್ ಅನ್ನೋ, ಇಂಗ್ಲಿಷ್ ಎಷ್ಟು ಬರುತ್ತೆ ಅಂತ ಅಳೆಯೋ ಪರೀಕ್ಷೆ ಮಾಡಿದ್ದಾರೆ. ನಮ್ಮ ಹುಡುಗ ಗೊತ್ತಿಲ್ಲದವರ ಮುಂದೆ ಬಾಯಿ ಬಿಡೋನಲ್ಲ. ಮಾತಾಡೋ ಭಾಗದಲ್ಲಿ "ಎಸ್ ಮಿಸ್, ನೋ ಮಿಸ್" ಅಂದು ಬಂದಿದ್ದಾನೆ. ಇಂಟರ್‌ಮೀಡಿಯೆಟ್ (ಇಂಗ್ಲಿಷ್ ಮಧ್ಯಮ ಮಟ್ಟ) ಅಂತ ಚೀಟಿ ಬಂತು, ದಿನಕ್ಕೊಂದು ಪೀರಿಯಡ್ ಇಎಲ್‌ಡಿ ಕ್ಲಾಸು. ಆ ಜಾಗದಲ್ಲಿ ಅವನು ಆಸೆಪಟ್ಟು ತಗೊಂಡಿದ್ದ ಕಂಪ್ಯೂಟರ್ ಸೈನ್ಸ್ ಹೋಯ್ತು. ಊರಲ್ಲಿ ಇಂಗ್ಲಿಷಿಗೆ 100ಕ್ಕೆ 91 ತಗೊಂಡ ಹುಡುಗ. ಅವತ್ತು ರಾತ್ರಿ ಊಟಕ್ಕೆ ಏಳಲಿಲ್ಲ.

ಸರಿ, ಅದನ್ನ ನುಂಗ್ಕೊಂಡೆ. ಜೊತೆಗೆ ಮಾಮೂಲಿ ಇಂಗ್ಲಿಷ್ 10 ಕ್ಲಾಸೂ ಇದೆಯಲ್ಲ, ಅಲ್ಲಾದರೂ ತೋರಿಸ್ತಾನೆ ಅಂದ್ಕೊಂಡಿದ್ದೆ. ಮೊದಲ ಪ್ರಬಂಧ ಹೋದ ಶುಕ್ರವಾರ ವಾಪಸ್ ಬಂತು. ಒಂದು ಸಣ್ಣಕಥೆ ಮೇಲೆ ಎರಡು ಪುಟ. ನಾನೇ ಪಕ್ಕದಲ್ಲಿ ಕೂತು ಬರೆಸಿದ್ದು. ಮೊದಲ ಪ್ಯಾರಾ ಲೇಖಕರ ಪರಿಚಯ: ಎಲ್ಲಿ ಹುಟ್ಟಿದರು, ಏನೇನು ಪ್ರಶಸ್ತಿ. ಆಮೇಲೆ ಕಥೆಯ ಸಾರಾಂಶ. ಕೊನೆಗೆ ಕಥೆಯಿಂದ ಕಲಿಯೋ ನೀತಿ. ಟೀಚರ್ ಮೊದಲ ಪ್ಯಾರಾಗೆ ಪೂರ್ತಿ ಗೀಟು ಎಳೆದಿದ್ದಾರೆ. ಸಾರಾಂಶದ ಪಕ್ಕ ಹಸಿರು ಇಂಕಲ್ಲಿ "ಸೋ ವಾಟ್?" ಕೆಳಗೆ ಇನ್ನೊಂದು ಸಲ "ಸೋ ವಾಟ್?" ಒಂದೇ ಒಂದು ಸ್ಪೆಲ್ಲಿಂಗ್ ತಪ್ಪಿಲ್ಲ, ಆದರೂ ಸಿ ಮೈನಸ್.

ಇಎಲ್‌ಡಿ ಎಷ್ಟು ದಿನ? ಹನ್ನೊಂದಕ್ಕೆ ಎಪಿ ಇಂಗ್ಲಿಷ್ ಲ್ಯಾಂಗ್ವೇಜ್ ತಗೊಳ್ಳೋಕೆ ಇದು ಅಡ್ಡ ಬರುತ್ತಾ? ಟ್ಯೂಷನ್ ಹಾಕಲಾ? ಮತ್ತೆ ಈ "ಸೋ ವಾಟ್"ಗೆ ಏನಂತ ಉತ್ತರ ಕೊಡಬೇಕು?

ಸ್ಯಾನ್‌ಹೋಸೆ_ರಾಯರು

ಮೇಡಂ, ನಾಲ್ಕಕ್ಕೂ ಇಂಗ್ಲಿಷ್ ಅಂತ ಬರೆದಿದ್ದರೆ ಪರೀಕ್ಷೆನೂ ಇರ್ತಿರಲಿಲ್ಲ, ಇಎಲ್‌ಡಿನೂ ಇರ್ತಿರಲಿಲ್ಲ. ನಮ್ಮವರು ಎಲ್ಲರೂ ಹಂಗೇ ಮಾಡೋದು.

ಬೆಣ್ಣೆದೋಸೆ_ಅಮ್ಮ

ರಾಯರೇ, ಮಗನ ಎದುರಿಗೇ ಫಾರಂ ತುಂಬಿಸಿದ್ದು. ಅವನ ಮುಂದೆ ನಮ್ಮನೆ ಮಾತು ಇಂಗ್ಲಿಷ್ ಅಂತ ಹೆಂಗೆ ಬರೀಲಿ?

ಎರಡು_ಮಕ್ಕಳ_ತಂದೆ

ನಾನು 2009ರಿಂದ ಇಲ್ಲಿದ್ದೀನಿ. ದೊಡ್ಡವಳ ವಿಷಯದಲ್ಲಿ ಇದನ್ನೆಲ್ಲ ಅರೆದು ಕುಡಿದಿದ್ದೀನಿ.

ಪರೀಕ್ಷೆ ಆದಮೇಲೆ ಸರ್ವೆ ಹಾಳೆ ತಿದ್ದಿದರೆ ಪ್ರಯೋಜನ ಇಲ್ಲ. ಆದರೆ ಮೊದಲ ಸಲದ ಎಲ್‌ಪ್ಯಾಕ್ ಫಲಿತಾಂಶ ತಪ್ಪಾಗಿದೆ ಅನಿಸಿದರೆ ಮರುಪರಿಶೀಲನೆ ಕೇಳೋ ಹಕ್ಕು ಪೋಷಕರಿಗಿದೆ. ವರ್ಷಕ್ಕೊಮ್ಮೆ ನಡೆಯೋ ಸಮ್ಮೇಟಿವ್ ಎಲ್‌ಪ್ಯಾಕ್ ಫೆಬ್ರವರಿಯಿಂದ ಮೇ ಒಳಗೆ ಬರುತ್ತೆ. ನಿಮ್ಮ ಅರ್ಜಿ ಅದಕ್ಕೂ ಮುಂಚೆ ಹೋಗಬೇಕು. ಬಾಯಲ್ಲಿ ಹೇಳಬೇಡಿ, ಇಮೇಲ್ ಬರೀರಿ, ಊರಿನ ಮಾರ್ಕ್ಸ್ ಕಾರ್ಡು ಲಗತ್ತಿಸಿ. ಆಗಲಿಲ್ಲ ಅನ್ನಿ, ಆಗ ಆ ಪರೀಕ್ಷೇಲಿ ನಾಲ್ಕನೇ ಹಂತ ಬರಬೇಕು. ಅದರ ಜೊತೆ ಟೀಚರ್ ಅಭಿಪ್ರಾಯ, ನಿಮ್ಮ ಅಭಿಪ್ರಾಯ, ಓದು-ಬರಹದ ಅಂಕ ಎಲ್ಲ ನೋಡಿ ಹೊರಗೆ ಬಿಡ್ತಾರೆ. ಮಗನಿಗೆ ಇಎಲ್‌ಡಿ ಬೇಡ ಅಂತ ಸಹಿ ಹಾಕಿ ಕ್ಲಾಸು ಬಿಡಿಸಬಹುದು, ಆದರೆ ಇನ್ನೂ ಇಂಗ್ಲಿಷ್ ಕಲಿಯೋ ಹುಡುಗ ಅನ್ನೋ ಹಣೆಪಟ್ಟಿ ಹೋಗಲ್ಲ, ಪರೀಕ್ಷೆನೂ ತಪ್ಪಲ್ಲ. ಇನ್ನು ಹುಡುಗನಿಗೆ ಒಂದು ಮಾತು ಹೇಳಿ: ಪರೀಕ್ಷೇಲಿ ವಾಕ್ಯ ಪೂರ್ತಿ ಮಾಡಿ ಮಾತಾಡು ಅಂತ. ಅಲ್ಲಿ ಸಂಕೋಚಕ್ಕೆ ಮಾರ್ಕ್ಸ್ ಇಲ್ಲ.

ನೀವು ಕೇಳದೇ ಇರೋದು ಒಂದಿದೆ, ಅದೇ ದೊಡ್ಡದು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ ಅರ್ಜಿ ಹಾಕೋಕೆ ಹೈಸ್ಕೂಲಲ್ಲಿ ನಾಲ್ಕು ವರ್ಷ ಇಂಗ್ಲಿಷ್ ಬೇಕು. ಅದರಲ್ಲಿ ಇಎಲ್‌ಡಿ ಥರದ್ದು ಒಂದೇ ವರ್ಷ ಲೆಕ್ಕಕ್ಕೆ. ನಿಮ್ಮವನಿಗೆ ಇಂಗ್ಲಿಷ್ 10 ಜೊತೆಗೇ ಇರೋದರಿಂದ ಬಚಾವ್. ಊರಿನ ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ಇಲ್ಲಿಯ ಟ್ರಾನ್ಸ್‌ಕ್ರಿಪ್ಟಲ್ಲಿ (ಸ್ಕೂಲಿನ ಗ್ರೇಡು ದಾಖಲೆ) ಹತ್ತಿದೆಯಾ ಅಂತ ಮೊದಲು ನೋಡಿ. ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕಕ್ಕೆ ಅವರು ನೋಡೋದು ಹತ್ತು, ಹನ್ನೊಂದನೇ ಕ್ಲಾಸಿನ ಗ್ರೇಡು. ಅಲ್ಲಿ ಎಪಿ ಕ್ಲಾಸಲ್ಲಿ ಬಿ ಬಂದರೂ 3ರ ಬದಲು 4 ಪಾಯಿಂಟ್. ಹಂಗಂತ ಸಿ ಬರೋ ಹುಡುಗನನ್ನ ಎಪಿಗೆ ನೂಕಬೇಡಿ, ನಾನು ನೂಕಿ ಅನುಭವಿಸಿದ್ದೀನಿ.

ಹಾಸನದ_ಟೀಚರಮ್ಮ

ಊರಲ್ಲಿ ಹದಿನಾಲ್ಕು ವರ್ಷ ಪಿಯುಸಿಗೆ ಇಂಗ್ಲಿಷ್ ಪಾಠ ಮಾಡಿದ್ದೆ. ಈಗ ಸ್ಯಾಕ್ರಮೆಂಟೊ ಕಡೆ ಸಬ್‌ಸ್ಟಿಟ್ಯೂಟ್ ಟೀಚರ್. ಆ "ಸೋ ವಾಟ್" ನೋಡಿ ನಗು ಬಂತಮ್ಮ, ಬೇಜಾರಾಗಬೇಡಿ. ನೀವು ಬರೆಸಿದ್ದು ನಾನೇ ಡಿಕ್ಟೇಷನ್ ಕೊಡ್ತಿದ್ದ ನೋಟ್ಸು! ಲೇಖಕರ ಪರಿಚಯ, ಸಾರಾಂಶ, ನೀತಿ. ಬೋರ್ಡು ಅದಕ್ಕೇ ಮಾರ್ಕ್ಸ್ ಕೊಡ್ತಿತ್ತು.

ನಿಮ್ಮ ಮಗನಿಗೆ ಈ ಕೆಲಸ ಗೊತ್ತಿಲ್ಲ ಅಂತಲ್ಲ. ಇಂಗ್ಲಿಷ್ ಪೇಪರಲ್ಲಿ ಮಾಡಿಲ್ಲ, ಕನ್ನಡ ಪೇಪರಲ್ಲಿ ಮಾಡಿದ್ದಾನೆ. "ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ" ನೆನಪಿದೆಯಾ? ಆಯ್ಕೆ, ಸಂದರ್ಭ, ವಿವರಣೆ, ಸ್ವಾರಸ್ಯ. ನಮ್ಮ ಮಕ್ಕಳು ಮೊದಲ ಮೂರನ್ನ ಉದ್ದುದ್ದ ಬರೆದು, ಸ್ವಾರಸ್ಯ ಬಂದಾಗ "ಕವಿ ಇಲ್ಲಿ ಸ್ವಾರಸ್ಯಪೂರ್ಣವಾಗಿ ವರ್ಣಿಸಿದ್ದಾರೆ" ಅಂತ ಒಂದು ಗೆರೆ ಎಳೆದು ಮುಗಿಸ್ತಾರೆ. ಇಲ್ಲಿ ತಲೆಕೆಳಗು. ಮೊದಲ ಮೂರಕ್ಕೆ ಒಂದೆರಡು ವಾಕ್ಯ, ಉಳಿದದ್ದೆಲ್ಲ ಸ್ವಾರಸ್ಯ. ಈ ಮಾತನ್ನೇ ಯಾಕೆ ಆರಿಸಿದರು, ಬೇರೆ ಮಾತಿದ್ದರೆ ಏನು ಕೆಡ್ತಿತ್ತು. ಟೀಚರ್ ಕೇಳಿದ "ಸೋ ವಾಟ್" ಅಂದರೆ "ಸ್ವಾರಸ್ಯ ಎಲ್ಲಪ್ಪಾ?" ಅಂತ ಅಷ್ಟೇ.

ಎಪಿ ಲ್ಯಾಂಗ್ವೇಜ್ ಪರೀಕ್ಷೆನೂ ಇದೇ ದಾರಿ. ಒಂದು ಗಂಟೇಲಿ 45 ಬಹು ಆಯ್ಕೆ ಪ್ರಶ್ನೆ, ಆಮೇಲೆ 2 ಗಂಟೆ 15 ನಿಮಿಷಕ್ಕೆ ಮೂರು ಪ್ರಬಂಧ. ಆ ಮೂರಕ್ಕೇ ನೂರಕ್ಕೆ 55 ತೂಕ. ಒಂದರಲ್ಲಿ ಅವರೇ ಕೊಟ್ಟ ನಾಲ್ಕಾರು ಆಕರ ಇಟ್ಕೊಂಡು ಬರೀಬೇಕು, ಒಂದರಲ್ಲಿ ಭಾಷಣವನ್ನೋ ಪತ್ರವನ್ನೋ ಬಿಚ್ಚಿ ನೋಡಬೇಕು, ಇನ್ನೊಂದರಲ್ಲಿ ತನ್ನದೇ ವಾದ ಹೂಡಬೇಕು. ಕಥೆ-ಕವಿತೆ ಎಲ್ಲ ಎಪಿ ಲಿಟರೇಚರ್ ಪಾಲು, ಅದನ್ನ ಹೆಚ್ಚಾಗಿ ಹನ್ನೆರಡರಲ್ಲಿ ತಗೊಳ್ತಾರೆ. ಉರು ಹೊಡೆಯೋಕೆ ಅಲ್ಲಿ ಏನೂ ಇಲ್ಲ, ಅದಕ್ಕೆ ಟ್ಯೂಷನ್ ದುಡ್ಡು ಉಳಿಸಿ. ಟೀಚರ್ ಹತ್ತಿರ ಮತ್ತೆ ಬರೆದು ಕೊಡಬಹುದಾ ಅಂತ ಅವನೇ ಕೇಳಲಿ. ನಾನು ಹೋದ ಕಡೆಯಲ್ಲೆಲ್ಲ ಸುಮಾರು ಜನ ಒಪ್ತಾರೆ. ಇಲ್ಲಿ ಕೇಳಿದ ಹುಡುಗನನ್ನ ಅಧಿಕಪ್ರಸಂಗಿ ಅನ್ನಲ್ಲ.

ಈ ವಾರ ಮನೆಯಲ್ಲಿ ಆಡಿದ ಯಾವುದಾದರೂ ಒಂದು ಮಾತು ತಗೊಂಡು ಅದರ ಸ್ವಾರಸ್ಯ ಬರೆಸಿ ನೋಡಿ.

ಬೆಣ್ಣೆದೋಸೆ_ಅಮ್ಮ (ಎಂಟು ದಿನದ ಮೇಲೆ)

ಟೀಚರಮ್ಮ, ಮಾಡಿದ್ವಿ. ಊರಿಂದ ನಮ್ಮತ್ತೆ ವಾಟ್ಸಾಪಲ್ಲಿ ವಾಯ್ಸ್ ಕಳಿಸಿದ್ದರು. "ನಮ್ದೇನೈತಿ, ಹೆಂಗೋ ಅದೀವಿ. ನೀವು ಬಿಸಿ ಇರ್ತೀರಿ, ಫೋನ್ ಮಾಡ್ಬ್ಯಾಡ್ರಿ." ಅದನ್ನೇ ಕೊಟ್ಟೆ. ಮೊದಲು "ಅಜ್ಜಿ ಚೆನ್ನಾಗಿದ್ದಾರೆ ಅಂತ ತಿಳಿಸುತ್ತಿದ್ದಾರೆ" ಅಂತ ಬರೆದ. ನಾನು ಹಸಿರು ಪೆನ್ನು ತಗೊಂಡು "ಸೋ ವಾಟ್?" ಅಂತ ಬರೆದೆ. ಗುರಾಯಿಸಿದ. ಅರ್ಧ ಗಂಟೆ ಬಿಟ್ಟು ಇಂಗ್ಲಿಷಲ್ಲಿ ಬರೆದು ತಂದಿದ್ದು ಇಷ್ಟು: ಅಜ್ಜಿ "ಫೋನ್ ಮಾಡಬೇಡಿ" ಅಂದಿದ್ದು ಫೋನ್ ಮಾಡಲಿ ಅಂತ. "ಹೆಂಗೋ" ಅನ್ನೋ ಪದ ತೆಗೆದರೆ ಅದು ಬರೀ ಸುದ್ದಿ. ಇದ್ದರೆ ಕೇಳಿದವರಿಗೆ ತಪ್ಪು ಮಾಡಿದಂಗೆ ಅನಿಸುತ್ತೆ.

ನಮ್ಮನೆಯವರು ಓದಿ ಏನೂ ಅನ್ನಲಿಲ್ಲ. ಫೋನ್ ತಗೊಂಡು ಬಾಲ್ಕನಿಗೆ ಹೋದರು.

ಎರಡು ಮಕ್ಕಳ ತಂದೆ ಸರ್, ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ಟ್ರಾನ್ಸ್‌ಕ್ರಿಪ್ಟಲ್ಲಿ ಇರಲೇ ಇಲ್ಲ! ನೀವು ಹೇಳದಿದ್ದರೆ ಗೊತ್ತೇ ಆಗ್ತಿರಲಿಲ್ಲ. ಗುರುವಾರ ಎರಡೂವರೆಗೆ ಕೌನ್ಸೆಲರ್ ಟೈಮ್ ಕೊಟ್ಟಿದ್ದಾರೆ. ಮಾರ್ಕ್ಸ್ ಕಾರ್ಡು, ಮರುಪರಿಶೀಲನೆ ಅರ್ಜಿ ಎರಡೂ ಫೈಲಿಗೆ ಹಾಕಿದ್ದೀನಿ. ಮಾತು ಅವನೇ ಆಡ್ತಾನಂತೆ, ಪೂರ್ತಿ ವಾಕ್ಯದಲ್ಲಿ.